ಬಸ್ಸಿನ ಬೆನ್ನು ಕಾಯುವ ಪಾಲಮ್ಮ

ಇನ್ನೂ ಬೆಳಕು ಹರಿದಿಲ್ಲ. ಆಂಧ್ರದ ಗಡಿಯೂರು ಮಡಕಶಿರಾದ ನಿಲ್ದಾಣದಾಚೆ ನಿಂತ ಖಾಸಗಿ ಬಸ್ಸಿನ ಹಿಂಭಾಗದಲ್ಲಿ ಎರಡು ಕಾಲುಗಳು ಮಾತ್ರ ಕಾಣುತ್ತಿವೆ. ಉಳಿದ ಮೈಯೆಲ್ಲ ಬಸ್ಸಿನಡಿಗೆ. ಒಂದು ಕೈ ಹೊರಬಂದು ಒಣಗಿದ ಹುರುಳಿ ಬಳ್ಳಿಯನ್ನು ನೆಲಕ್ಕೆ ಎಸೆಯುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಆಮೇಲೆ ಬಂದ ಕೈ ಎಸೆಯುವುದಿಲ್ಲ. ಮುಷ್ಟಿ ಬಿಚ್ಚಿ ಟಾರ್ಚಿನ ಬೆಳಕಿಗೆ ಹಿಡಿಯುತ್ತದೆ. ಬಳ್ಳಿಯ ತುದಿ ಕರಕಲಾಗಿದೆ.

"ನೋಡವ್ವ, ನಿನ್ನೆ ಇನ್ನೊಂಚೂರು ದೂರ ಓಡಿದ್ರೆ ಹತ್ಕೊಳ್ಳೋದು" ಎಂದು ನನಗೆ ಹೇಳುತ್ತಾ ಪಾಲಮ್ಮ ತೆವಳಿಕೊಂಡು ಹೊರಬರುತ್ತಾರೆ. ಐವತ್ತರ ಆಸುಪಾಸಿನ ಹೆಂಗಸು. ಮುಂಗೈ ತುಂಬ ಹಳೆಯ ಸುಟ್ಟ ಗಾಯದ ಕಲೆಗಳು.

ಹಿಂದಿನಿಂದ ಯಾರಾದರೂ ಕರೆದರೆ ತಿರುಗಿ ನೋಡಬೇಡ ಎನ್ನುತ್ತಿದ್ದಳು ನಮ್ಮಜ್ಜಿ. ಅವಳ ಕಥೆಗಳಲ್ಲಿ ಕೇಡು ಎದುರಿಗೆ ಬರುತ್ತಲೇ ಇರಲಿಲ್ಲ. ಪಾಲಮ್ಮನ ಕೆಲಸವೇ ಹಿಂದೆ ನೋಡುವುದು.

ಹಳೆಯ ಬಸ್ಸುಗಳಲ್ಲಿ ಎಂಜಿನ್ ಡ್ರೈವರನ ಮಗ್ಗುಲಲ್ಲೇ ಗುಡುಗುತ್ತಿತ್ತು. ಸುಟ್ಟ ವಾಸನೆ ಮೊದಲು ಬಡಿಯುತ್ತಿದ್ದುದು ಅವನ ಮೂಗಿಗೇ. ಇಲ್ಲಿನ ಮಾಲೀಕರು ಈಗ ಓಡಿಸುವ ಮೂರೂ ಬಸ್ಸುಗಳು ಒಂದೇ ಕಂಪನಿಯ ಚಾಸಿಯವು, ಎಂಜಿನ್ ಹಿಂದೆ ಇರುವಂಥವು. ಉದ್ದನೆಯದರಲ್ಲೂ ಗಿಡ್ಡನೆಯದರಲ್ಲೂ ಅದು ನೆಟ್ಟಗೆ ನಿಂತಿದೆ, ಹಿಂಬದಿಯ ಮುಚ್ಚಳ ತೆಗೆದರೆ ಎಲ್ಲ ಕಣ್ಣಿಗೆ ಬೀಳುತ್ತದೆ. ಮೂರನೆಯದರಲ್ಲಿ ಎಂಜಿನ್ನನ್ನು ಕೊನೆಯ ಸೀಟಿನಡಿ ಅಡ್ಡಲಾಗಿ ಮಲಗಿಸಿದ್ದಾರೆ. ಪಾಲಮ್ಮನ ಬಾಯಲ್ಲಿ ಅವು ದೊಡ್ಡಕ್ಕ, ಗಿಡ್ಡಿ, ಮಲಗಿದೋಳು. "ನಿಂತಿರೋರ ಮನಸ್ಸು ಗೊತ್ತಾಗ್ತದೆ. ಮಲಗಿದೋಳು ಎದ್ದಾಗಲೇ ಗೊತ್ತಾಗೋದು!"

ಅಮರಾಪುರ, ಕಲ್ಯಾಣದುರ್ಗ ಹಾದು ರಾಯದುರ್ಗಕ್ಕೆ ಹೋಗುವುದು ಈ ಮಲಗಿದೋಳೇ.

ಹುರುಳಿ ಕೀಳುವ ಕಾಲ ಬಂತೆಂದರೆ ಈ ಸೀಮೆಯ ಟಾರು ರಸ್ತೆಗಳೆಲ್ಲ ಕಣಗಳಾಗುತ್ತವೆ. ರೈತರು ಬಳ್ಳಿ ಹರಡಿ ದಡದಲ್ಲಿ ಕೂರುತ್ತಾರೆ, ಬರುವ ಬಸ್ಸುಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಆದರೆ ಈ ಬಸ್ಸಿನ ಎಂಜಿನ್ ಇರುವುದು ಹಿಂದಿನ ಗಾಲಿಗಳ ಬೆನ್ನಿಗೆ. ಗಾಲಿ ಎತ್ತಿ ಎಸೆದ ಬಳ್ಳಿ ನೇರ ಕಾದ ಕೊಳವೆಗಳ ಸಂದಿಗೆ ಹೋಗಿ ಕೂರುತ್ತದೆ. ಆ ಸಂದಿಗೆ ಮೆಕ್ಯಾನಿಕ್‌ಗಳ ಕೈ ಹಿಡಿಸದು. "ಬಳೆಗಾರ ನಂಗೆ ಹುಡುಗೀರ ಬಳೆ ತೊಡಿಸ್ತಾನೆ, ಅಷ್ಟು ಸಣ್ಣ ಕೈ ನಂದು" ಎಂದು ಪಾಲಮ್ಮ ನಗುತ್ತಾರೆ. ಸೀಟು ಒರೆಸಲು ಬಂದಿದ್ದ ಪಾಲಮ್ಮ ಕಳೆದ ಸುಗ್ಗಿಯಲ್ಲಿ ಕೊನೆಯ ಸೀಟಿನಡಿಯಿಂದ ಹೊಗೆಯ ಎಳೆ ಏಳುವುದನ್ನು ಕಂಡರು. ಅಂದಿನಿಂದ ಈ ಕೆಲಸ ಅವರ ಪಾಲಿಗೆ ಬಂತು.

ಇಷ್ಟು ಮಾಡಿದರೂ ಭಯ ಹೋಗುವುದಿಲ್ಲ. ಎಂಜಿನ್ ಆರಿ ತಣ್ಣಗಾದ ಮೇಲಷ್ಟೇ ಒಳಗೆ ಕೈ ಹಾಕಬಹುದು. "ನಾನು ತೆಗಿಯೋದು ನಿನ್ನೇದು. ಇವತ್ತಿಂದು ದಾರೀಲಿ ಕಾಯ್ತಾ ಕೂತೈತೆ."

ಚಳಿಗೆ ಎಲ್ಲರೂ ಮುಗಿಬೀಳುವುದು ಕೊನೆಯ ಸೀಟಿಗೆ. ಬೆಚ್ಚಗಿರುತ್ತದೆ, ಕೂತವರು ಕೂತಲ್ಲೇ ತೂಕಡಿಸುತ್ತಾರೆ. ಪಾಲಮ್ಮನ ಮಗಳು ಪವಿತ್ರ ಕೂರುವುದೂ ಅಲ್ಲೇ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಆಕೆ ಪ್ರತಿ ಸೋಮವಾರ ಇದೇ ಬಸ್ಸಿಗೆ ಹೊರಡುತ್ತಾಳೆ. ಡ್ರೈವರ್ ತಿಪ್ಪೇಶ ಕೂತಿರುವುದು ಬಸ್ಸಿನ ಆ ತುದಿಯಲ್ಲಿ. ನಡುವೆ ಜನ, ಮೂಟೆ, ಹಾಡು. ಕೂಗಿದರೆ ಕೇಳಿಸೀತೇ?

ಅದಕ್ಕೇ ಪಾಲಮ್ಮ ತವರಿನಿಂದ ಒಂದು ಕುರಿಗಂಟೆ ತಂದಿದ್ದಾರೆ. ಗಂಟೆ ತಿಪ್ಪೇಶನ ತಲೆಯ ಮೇಲೆ, ಅದರ ದಾರ ಕೊನೆಯ ಸೀಟಿನವರೆಗೆ. ಇದೇನು ಕುರಿ ಬಂಡಿಯೇ ಎಂದು ಪ್ರಯಾಣಿಕರು ತೆಲುಗಿನಲ್ಲಿ ಕಾಲೆಳೆಯುತ್ತಾರೆ.

"ಪಾಲಮ್ಮಕ್ಕ, ಹೊತ್ತಾತು, ಬರ್ರಿ ಹೊರಗ!" ರಾಯದುರ್ಗದ ತಿಪ್ಪೇಶ ಹಾರನ್ ಒತ್ತುತ್ತಾರೆ. "ದಿನಾ ಯಾಕ ಹಿಂಗ ಅಂಜತೀರಿ? ದೇವ್ರು ಅದಾನ."

"ದೇವ್ರು ಮುಂದ್ಗಡೆ ಫೋಟೋದಾಗೆ ಅವ್ನೆ ಕಣಪ್ಪ. ಹಿಂದ್ಗಡೆ ಯಾರವ್ರೆ?"

ಬಸ್ಸು ಹೊರಡುತ್ತದೆ. ಪವಿತ್ರ ಹಿಂದಿನ ಗಾಜಿನಿಂದ ಕೈ ಬೀಸುತ್ತಾಳೆ. ಅಮರಾಪುರದ ದಾರಿಯಲ್ಲಿರುವ ಪಾಲಮ್ಮನದೇ ಊರಲ್ಲಿ, ಅವರದೇ ಹೊಲದ ಹುರುಳಿ ಇಂದು ರಸ್ತೆಗೆ ಬಿದ್ದಿದೆ. ಹರಡಿದವರು ಮೈದುನ ಚಿಕ್ಕತಿಮ್ಮಯ್ಯ. ಬೇಡವೆಂದು ನಿನ್ನೆ ಗೋಗರೆದರೆ ಸಿಕ್ಕ ಉತ್ತರ: "ಊರೋರೆಲ್ಲ ಹಾಕವ್ರೆ. ನಮ್ಮ ಬಳ್ಳೀಲಿ ಮಾತ್ರ ಬೆಂಕಿ ಐತಾ ಅತ್ತಿಗೆ?"

ಅಮರಾಪುರ ದಾಟಿದ ಕೂಡಲೇ ಮಗಳು ಫೋನ್ ಮಾಡುವುದು ರೂಢಿ. ಇಂದು ಬಿಸಿಲೇರಿದರೂ ಫೋನಿಲ್ಲ. ಪಾಲಮ್ಮ ಮಿಕ್ಕ ಎರಡು ಬಸ್ಸುಗಳನ್ನು ಒರೆಸುತ್ತಾರೆ, ಒರೆಸಿದ ಸೀಟನ್ನೇ ಮತ್ತೆ ಒರೆಸುತ್ತಾರೆ. ಇವರೇ ಫೋನ್ ಮಾಡಿದರೆ ಅತ್ತ ಯಾರೂ ಎತ್ತುತ್ತಿಲ್ಲ. ರಸ್ತೆಯ ಕೊನೆಯಲ್ಲಿ ಯಾರೋ ಕಸ ಸುಟ್ಟ ಹೊಗೆ ಎದ್ದರೆ ಕೈಯಲ್ಲಿದ್ದ ಬಟ್ಟೆ ಜಾರಿ ಬೀಳುತ್ತದೆ. ನನ್ನ ಕಡೆ ನೋಡುತ್ತಾರೆ. ಬಿದ್ದ ಬಟ್ಟೆ ಎತ್ತಿ ಅವರ ಕೈಗೆ ಕೊಡುತ್ತೇನೆ.

ಕೊನೆಗೂ ಫೋನ್ ಬರುತ್ತದೆ. ಪವಿತ್ರಳ ಏದುಸಿರು ನನಗೂ ಕೇಳಿಸುತ್ತದೆ.

"ಅಮ್ಮಾ, ಗಂಟೆ ಎಳ್ದೆ."

ಊರು ದಾಟಿ ಸ್ವಲ್ಪ ದೂರಕ್ಕೆ ಸುಟ್ಟ ವಾಸನೆ ಬಂದಿದೆ. ಪಕ್ಕದವರೆಲ್ಲ ನಿದ್ದೆಯಲ್ಲಿ. ಗಂಟೆ ಕೇಳಿದ್ದೇ ತಿಪ್ಪೇಶ ಬಸ್ಸು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಸೀಟಿನಡಿಯ ಹಲಗೆ ಎತ್ತಿದರೆ ಒಳಗೆ ಬಳ್ಳಿ ಕೆಂಡವಾಗಿತ್ತಂತೆ. ಬೆಂಕಿ ಆರಿಸುವ ಸಿಲಿಂಡರ್ ಜತೆಗೆ ಜನರ ನೀರಿನ ಬಾಟಲಿಗಳೂ ಖಾಲಿಯಾದವು. ಯಾರಿಗೂ ಏನೂ ಆಗಿಲ್ಲ, ಬಸ್ಸೂ ಉಳಿದಿದೆ. ತಿಪ್ಪೇಶ ಫೋನ್ ಇಸಿದುಕೊಂಡು ಒಂದೇ ಮಾತು ಹೇಳುತ್ತಾರೆ: "ಅಕ್ಕಾ, ಇನ್ನ ನಿಮ್ಮ ಗಂಟಿ ನೋಡಿ ನಗಂಗಿಲ್ಲರಿ."

ಪಾಲಮ್ಮ ಅಳುವುದಿಲ್ಲ. ಮೈದುನನಿಗೆ ಫೋನ್ ಹಚ್ಚುತ್ತಾರೆ. "ತಿಮ್ಮಯ್ಯ, ನಮ್ಮ ಹುರುಳಿ ನಮ್ಮ ಪವಿತ್ರನ ಸೀಟಿನಡಿಗೇ ಉರೀತು ಕಣೋ." ಅತ್ತಲಿಂದ ಸಣ್ಣ ದನಿ: "ಗುಡಿಸಿ ತಗೀತೀನಿ ಅತ್ತಿಗೆ."

ಮಗಳಿಗೆ ಮುಂದಿನ ಸೀಟಲ್ಲಿ ಕೂರು ಎನ್ನಬಾರದೇ ಎಂದು ಕೇಳುತ್ತೇನೆ. "ಅನ್ನದೆ ಇರ್ತೀನಾ? ಹಿಂದೆ ಒಬ್ರಾದ್ರೂ ಎಚ್ಚರಾಗಿರಬೇಕಲ್ಲಮ್ಮ ಅಂತಾಳೆ. ನನ್ನ ಮಗಳೇ ಅಲ್ವಾ."

ಮರುದಿನ ನಸುಕಿಗೆ ಹೋದರೆ ಮತ್ತೆ ಅವೇ ಎರಡು ಕಾಲುಗಳು. ಮೈದುನ ಗುಡಿಸಿದ್ದಾರೆ, ನಿಜ. ದಾರಿಯುದ್ದಕ್ಕೂ ಊರುಗಳಿವೆಯಲ್ಲ. ಕೈ ಹೊರಬರುತ್ತದೆ, ಅದರಲ್ಲಿ ಒಂದು ಹಿಡಿ ಬಳ್ಳಿ.

"ನಂಗೇನೂ ದೊಡ್ಡ ಆಸೆ ಇಲ್ಲ ಕಣವ್ವ" ಎನ್ನುತ್ತದೆ ಬಸ್ಸಿನಡಿಯ ದನಿ. "ಸುಗ್ಗೀಲಿ ಒಂದು ದಿನನಾದ್ರೂ ಇದ್ರೊಳಗೆ ಕೈ ಹಾಕಿ ಬರಿಗೈಲಿ ಹೊರಗೆ ಬರ್ಬೇಕು."

ಕೈ ಮತ್ತೆ ಒಳಗೆ ಹೋಗುತ್ತದೆ.