ಅಮ್ಮಿಯ ಕಿಟಕಿಗೆ ಮುಯ್ಯಾಳು

ಈ ಹೊತ್ತು ಬೆಳಿಗ್ಗೆ ಅಂಗಳಕ್ಕೆ ನೀರಿನ ಥಳಿ ಹೊಡೆದೆ, ಹಾಲು ಕಾಯಿಸಿದೆ, ಎಮ್ಮೆಗೆ ಮೇವು ಹಾಕಿದೆ, ಜೋಳದ ರೊಟ್ಟಿ ಬಡಿದು ಹಳೆಯ ಧೋತರದ ತುಂಡಿನಲ್ಲಿ ಸುತ್ತಿದೆ, ಬದನೆಕಾಯಿ ಎಣ್ಣೆಗಾಯಿಯನ್ನು ಡಬ್ಬಿಗೆ ತುಂಬಿದೆ. ಕೊನೆಗೆ ಕಪಾಟಿನ ಮೂಲೆಯಿಂದ ನಮ್ಮ ಮನೆಯವರ ಹಳೆಯ ಕಾಲುಚೀಲಗಳನ್ನು ಹುಡುಕಿ ತೆಗೆದು ಚೀಲಕ್ಕೆ ಹಾಕಿಕೊಂಡೆ.

"ನನ್ನ ಕಾಲುಚೀಲ ಹಾಕ್ಕೊಂಡು ಎಲ್ಲಿಗೆ ಹೊಂಟಿ?" ಎಂದರು ಅವರು.

"ಕಾಲಿಗಲ್ರೀ, ಕೈಗೆ. ಸವಣೂರಿಗೆ ಹೊಂಟೇನಿ."

ನಗಬೇಡಿ. ಅಂಗಡಿಯ ರಬ್ಬರಿನ ಕೈಗವಸು ಬೆವರಿಗೆ ಜಾರುತ್ತದೆ. ಕಾಂಗ್ರೆಸ್ ಕಸವೆಂಬ ಕಳೆ ಕೀಳುವ ಕೈಗೆ ಗಂಡನ ಸವೆದ ಕಾಲುಚೀಲದಷ್ಟು ಹಿತವಾದದ್ದು ಇನ್ನೊಂದಿಲ್ಲವೆಂಬುದು ಈ ಮಳೆಗಾಲ ನಮಗೆ ಕಲಿಸಿದ ವಿದ್ಯೆ. ಗಜ್ಜರಿಯ ಎಲೆಯಂಥ ಎಲೆ, ಅಕ್ಕಿನುಚ್ಚು ಚೆಲ್ಲಿದಂಥ ಬಿಳಿ ಹೂವು, ನೋಡಲು ಸಾಧು. ಮೈಗೆ ತಾಗಿದರೆ ತುರಿಕೆ, ಅದರ ಹೂವಿನ ಧೂಳು ಎದೆಗಿಳಿದರೆ ಉಬ್ಬಸ.

ಈ ಸವಣೂರಿನ ಸಂಬಂಧ ಬೆಳೆದದ್ದು ನಮ್ಮ ಕೆರೆಯಿಂದ. ತಿಳವಳ್ಳಿಯ ಹತ್ತಿರದ ನಮ್ಮೂರಿನ ಕೆರೆಯನ್ನು ಅಂತರಗಂಗೆ ಎಂಬ ತೇಲುವ ಕಳೆ ದಂಡೆಯಿಂದ ದಂಡೆಗೆ ಮುಚ್ಚಿಬಿಟ್ಟಿತ್ತು. ಒಂದು ಭಾನುವಾರ ನಮ್ಮ ಓಣಿಯ ಹಿರಿಯಳಾದ ಗೌರವ್ವ ಬಟ್ಟೆ ಒಗೆಯಲು ಹೋಗಿ, ಕಲ್ಲಿನ ಮುಂದೆ ನೀರೇ ಕಾಣದೆ ಸಿಟ್ಟಿಗೆದ್ದು, ಸೀರೆ ಎತ್ತಿಕಟ್ಟಿ ಇಳಿದು ಕಳೆಯನ್ನು ಎಳೆಯತೊಡಗಿದಳು. ನಾವೂ ಇಳಿದೆವು. ಅಂದಿನಿಂದ ಭಾನುವಾರವೆಂದರೆ ಕೆರೆ. ಎಳೆದ ಜಾಗದಲ್ಲಿ ನೀರು ಕಣ್ಣು ಬಿಟ್ಟು, ಅದರೊಳಗೊಂದು ಮೋಡ ಸರಿದಾಗ ನಾವು, ಮೊಮ್ಮಕ್ಕಳನ್ನು ಕಂಡವರು, ಚಪ್ಪಾಳೆ ತಟ್ಟಿದ್ದೇವೆ.

ನಮ್ಮೂರ ಶಾಲೆಯ ಶಾಹಿದಾ ಟೀಚರ್ ಸವಣೂರಿನವರು. ಕೈ ಸಾಲದೆ ನಾವು ಒದ್ದಾಡುವುದನ್ನು ನೋಡಿ ಒಂದು ಭಾನುವಾರ ತಮ್ಮ ಓಣಿಯ ಹೆಂಗಸರನ್ನೆಲ್ಲ ಕರೆತಂದರು. ಅಂದು ಕೆರೆಯ ಒಂದು ಮೂಲೆ ಪೂರಾ ಬಯಲಾಯಿತು! ಕಳೆಗೆ ಬಿಗಿದ ಹಗ್ಗ ಎಳೆಯುತ್ತಲೇ ಟೀಚರ್ ತಮ್ಮ ತಾಯಿಯ ಮಾತೆತ್ತಿದರು. ಮನೆಯ ಹಿಂದಿನ ಹಳ್ಳದ ದಂಡೆಯಲ್ಲಿ ಕಾಂಗ್ರೆಸ್ ಕಸ ಆಳೆತ್ತರ ಬೆಳೆದಿದೆ. ಅದರ ಧೂಳಿಗೆ ಅಮ್ಮಿಗೆ ಉಬ್ಬಸ. ವರ್ಷಗಳಿಂದ ಅವರು ಆ ಕಡೆಯ ಕಿಟಕಿ ತೆರೆದಿಲ್ಲ. ರಾತ್ರಿಯೂ ಗೋಡೆಗೆ ಒರಗಿ ಕುಳಿತೇ ನಿದ್ದೆ.

ಇಷ್ಟು ಕೇಳಿದ್ದೇ ತಡ, ಗೌರವ್ವನಿಗೆ ಮುಯ್ಯಿ ತೀರಿಸುವ ದಾರಿ ಕಂಡಿತು. ನಮ್ಮ ಸೀಮೆಯ ಮುಯ್ಯಾಳಿನ ಪದ್ಧತಿ ನಿಮಗೆ ಗೊತ್ತಿರಬಹುದು: ನನ್ನ ಹೊಲದ ಕಳೆಗೆ ನೀವು ಬಂದರೆ ನಿಮ್ಮ ಹೊಲದ ಕಳೆಗೆ ನಾನು ಬರಬೇಕು. ಮೈಮುರಿದು ದುಡಿದದ್ದನ್ನು ಮೈಮುರಿದೇ ತೀರಿಸಬೇಕು.

"ಗೌರವ್ವಾರ, ಇದು ಮುಯ್ಯಿ ಅಲ್ರೀ, ಸೇವಾ. ಇದನ್ನ ತಿರುಗಿ ಕೊಡೂದಿರೂದಿಲ್ಲ," ಎಂದರು ಟೀಚರ್.

"ನಿಮ್ಮ ಸಾಲ್ಯಾಗ ಹಂಗಿರಬೇಕ್ರಿ. ನನ್ನ ಮೊಣಕಾಲು ಇನ್ನಾ ಬಗ್ತಾವು. ಬಗ್ಗೂದ್ರಾಗ ತೀರಿಸೇ ಬಿಡ್ತೇನಿ. ನಿಮ್ಮವ್ವ ಕಿಟಕಿ ತಗೀಬೇಕು, ಅಷ್ಟ!"

ಹೀಗೆ ನಾವು ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಸವಣೂರಿಗೆ ದಂಡು ಹೋದೆವು. ಚೀಲದಿಂದ ಇಣುಕುವ ಕುಡುಗೋಲುಗಳನ್ನು ಕಂಡು ಕಂಡಕ್ಟರ್, "ಯಾರ ಮ್ಯಾಲ ಹೊಂಟೀರಿ ಯವ್ವಾ ಯುದ್ಧಕ್ಕ?" ಎಂದ. "ಟಿಕೀಟು ಹರೀಪಾ ಸುಮ್ಕ, ಇಲ್ಲಾಂದ್ರ ನಿನ್ನಿಂದನ ಸುರು ಮಾಡ್ತೇವಿ," ಎಂದಳು ಗೌರವ್ವ. ಬಸ್ಸಿಗೆ ಬಸ್ಸೇ ನಕ್ಕಿತು.

ಆ ಉಮೇದಿಯೇ ನಮ್ಮನ್ನು ಕೆಡಿಸಿತು. ಹೊಲದಲ್ಲಿ ಕಳೆ ತೆಗೆಯುವವಳ ಕೈಗೊಂದು ಚಟ ಅಂಟಿಕೊಂಡಿರುತ್ತದೆ: ಕಿತ್ತ ಗಿಡವನ್ನು ಮುಂಗೈಗೆ ಬಡಿದು ಬೇರಿನ ಮಣ್ಣು ಝಾಡಿಸುವುದು. ಮಣ್ಣು ಹೊಲದ್ದು, ಹೊಲದಲ್ಲೇ ಉಳಿಯಬೇಕಲ್ಲ. ಹೂ ಬಿಟ್ಟು ತೂಗುತ್ತಿದ್ದ ಆ ಕಸವನ್ನೂ ಸಾಲು ಹಿಡಿದು, ಪೈಪೋಟಿಗೆ ಬಿದ್ದು, ಕಿತ್ತು ಕಿತ್ತು ಝಾಡಿಸಿದೆವು. ಬಿಳಿಯ ಧೂಳು ಎದ್ದು ಗಾಳಿಯ ಜೊತೆ ಮನೆಯ ಕಡೆ ಸಾಗಿತು. ಮುಚ್ಚಿದ ಕಿಟಕಿಯ ಸಂದಿಗಳು ಅದಕ್ಕೆ ಸಾಕಾದವು. ಒಳಗೆ ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಟೀಚರ್ ಔಷಧದ ಪಂಪು ಹಿಡಿದು ಓಡಿದರು. ಆಟೋ ಬಂದು ಅಮ್ಮಿಯನ್ನು ದವಾಖಾನೆಗೆ ಕರೆದೊಯ್ಯುವಾಗ ನಾವು ಕೈಯಲ್ಲಿ ಕಸ ಹಿಡಿದುಕೊಂಡೇ ನಿಂತಿದ್ದೆವು.

ಸಂಜೆ ಅಮ್ಮಿ ಸುಧಾರಿಸಿಕೊಂಡು ಮನೆಗೆ ಬಂದರು. ಯಾರೂ ನಮಗೊಂದು ಬಿರುಸು ಮಾತಾಡಲಿಲ್ಲ. ಆದರೂ ವಾಪಸು ಬರುವ ಬಸ್ಸಿನಲ್ಲಿ ಗೌರವ್ವ ಆಡಿದ್ದು ಒಂದೇ ಮಾತು: "ಇಳಿಸಾಕ ಹೋಗಿ ಹೊರಿ ಹೆಚ್ಚಿಗಿ ಮಾಡ್ಕೊಂಡು ಬಂದ್ವಿ."

ಅಂದು ಬಸ್ಸಿನ ಕಿಟಕಿಗೆ ಒರಗಿ ನಾನು ಈ ಕಳೆಯನ್ನು ಮನಸಾರೆ ಬೈದೆ. ಎಲ್ಲಿಯದೋ ಪರದೇಶದ್ದು, ಇಲ್ಲೇಕೆ ಬಂದು ವಕ್ಕರಿಸಿತು! ಬೈಯುತ್ತಿದ್ದಂತೆ ಹೊರಗೆ ಮೆಕ್ಕೆಜೋಳದ ಹೊಲಗಳು ಸರಿದವು, ನಾನು ನಾಚಿದೆ. ಮೆಕ್ಕೆಜೋಳವೂ ಕಡಲು ದಾಟಿ ಬಂದದ್ದೇ. ಚಟ್ನಿಯ ಶೇಂಗಾ, ಬ್ಯಾಡಗಿಯ ಹೆಸರನ್ನೇ ಬೆಳಗಿದ ಮೆಣಸಿನಕಾಯಿ, ದೀಪಾವಳಿಗೆ ತೋರಣವಾಗುವ ಚೆಂಡು ಹೂವು, ಎಲ್ಲವೂ ಒಂದು ಕಾಲದ ಪರದೇಶಿಗಳೇ. ಹೊರಗಿನದೆಂಬ ತಪ್ಪಿಗೆ ಕೀಳುವುದಾದರೆ ಮೊದಲು ನನ್ನ ಅಡುಗೆಮನೆಯನ್ನೇ ಕೀಳಬೇಕು. ಬಂದವರಲ್ಲಿ ಕೆಲವರು ಪಂಕ್ತಿಯಲ್ಲಿ ಸರಿದು ಕುಳಿತು ಪಕ್ಕದವರಿಗೂ ಜಾಗ ಬಿಡುತ್ತಾರೆ. ಇದು ಮಾತ್ರ ಹುಲ್ಲಿಗೂ ಎಡೆಗೊಡದೆ ಎಲ್ಲರ ಎಲೆಯ ಮೇಲೂ ತಾನೇ ಕೂರುತ್ತದೆ. ನಮ್ಮ ಜಗಳ ಅದರ ಹುಟ್ಟೂರಿನೊಂದಿಗಲ್ಲ, ಅದರ ನಡತೆಯೊಂದಿಗೆ. ಹೀಗೆ ಯೋಚಿಸಿದ ಮೇಲೆ ಸಿಟ್ಟು ಇಳಿದು ಕೆಲಸದ ಉಪಾಯ ಹೊಳೆಯತೊಡಗಿತು.

ಹೂ ಬಿಟ್ಟದ್ದು ಒಣಗಿ, ಕಳೆ ಮತ್ತೆ ಎಳೆಯದಾಗಿ ಹುಟ್ಟುವುದನ್ನೇ ಕಾದೆವು. ಒಳ್ಳೆಯ ಮಳೆ ಬಿದ್ದ ಮಾರನೆಯ ಭಾನುವಾರ, ಅದು ಹೂ ಕಟ್ಟುವ ಮೊದಲೇ ಮತ್ತೆ ಹೋದೆವು. ಅಮ್ಮಿಯನ್ನು ಆ ದಿನದ ಮಟ್ಟಿಗೆ ತಂಗಿಯ ಮನೆಗೆ ಕಳಿಸಿದ್ದರು. ಹಸಿ ನೆಲದಿಂದ ಬೇರು ಬೆಣ್ಣೆಯ ಹಾಗೆ ಬಂತು. ಝಾಡಿಸಲು ಎತ್ತಿದ ಕೈಗಳಿಗೆಲ್ಲ ಗೌರವ್ವನ ಕಾವಲು: "ಏಯ್! ಕೈ ಕೆಳಗ!" ಎನ್ನುತ್ತ ತನ್ನ ಕೈಯನ್ನೂ ತಾನೇ ಬೈದುಕೊಂಡಳು. ಮಣ್ಣುಸಹಿತ ಕಸ ಗೋಣಿಚೀಲಕ್ಕೆ, ಚೀಲದಿಂದ ಗುಂಡಿಗೆ. ಓಣಿಯ ಹೆಂಗಸರೂ ಕೂಡಿಕೊಂಡರು. ತೆರವಾದ ನೆಲಕ್ಕೆ ಗೌರವ್ವ ಹೋದ ದೀಪಾವಳಿಯ ಒಣಗಿದ ಹಾರಗಳನ್ನು ತಿಕ್ಕಿ ಚೆಂಡು ಹೂವಿನ ಬೀಜ ಚೆಲ್ಲಿದಳು. ಅದು ಒತ್ತಾಗಿ ಬೆಳೆದರೆ ಕಸಕ್ಕೆ ಜಾಗ ಸಿಗುವುದಿಲ್ಲ.

ಇಂದಿನದು ಮೂರನೆಯ ಪಯಣ. ಹೋಗಿ ನೋಡುತ್ತೇವೆ: ಹಳ್ಳದ ದಂಡೆಯೆಲ್ಲ ಕೇಸರಿ! ಚೆಂಡು ಹೂವಿನ ನಡುವೆ ಗರಿಕೆ ತಲೆಯೆತ್ತಿದೆ, ಯಾವುದೋ ಹೆಸರರಿಯದ ನೀಲಿ ಹೂವಿಗೂ ಜಾಗ ಸಿಕ್ಕಿದೆ. ಅಲ್ಲಲ್ಲಿ ಉಳಿದ ಕಸವನ್ನು ಕಾಲುಚೀಲದ ಕೈಗಳು ಊಟದ ಹೊತ್ತಿಗೆ ಮೊದಲೇ ಮುಗಿಸಿದವು.

ಒಳಗಿನಿಂದ ಅಮ್ಮಿಯ ದನಿ ಬಂತು: "ಬೇಟಿ, ಕಿಟಕಿ ತಗಿ."

"ಈಗ ಬ್ಯಾಡ ಅಮ್ಮೀ, ಇನ್ನೊಂದು ವಾರ ನೋಡೂಣು," ಎಂದರು ಟೀಚರ್. ಅವರ ಕೈಯಲ್ಲಿ ಪಂಪು ಸಿದ್ಧವಿತ್ತು.

"ಎಷ್ಟು ವಾರ ನೋಡ್ಲಿ? ತಗೀತಿಯೋ, ನಾನ ಏಳ್ಲೋ?"

ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಕುಡುಗೋಲಿನ ಹಿಡಿಯಿಂದ ತಟ್ಟಿ, ಗೌರವ್ವನೇ ಕಿಟಕಿಯ ಬಾಗಿಲು ನೂಕಿದಳು. ಬೆಳಕು ಅಮ್ಮಿಯ ಮಡಿಲಿಗೆ ಬಿತ್ತು. ಗಾಳಿ ಬಂತು. ಅಮ್ಮಿ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು, ಬಿಟ್ಟರು, ಇನ್ನೊಮ್ಮೆ ಎಳೆದುಕೊಂಡರು. ಅವರು ಕಣ್ಣು ತೆರೆದು ನಮ್ಮನ್ನೆಲ್ಲ ನೋಡಿದರು.

"ನೀವ್ಯಾಕ ಉಸಿರು ಹಿಡ್ಕೊಂಡು ನಿಂತೀರಿ? ಉಬ್ಬಸ ನನಗೈತಿ!"

ಆಮೇಲಿನ ಗದ್ದಲ ಕೇಳಬೇಡಿ. ಟೀಚರ್ ಅಳುತ್ತ ನಗುತ್ತಿದ್ದರು. "ಆತಲ್ರಿ ಗೌರವ್ವಾರ, ಮುಯ್ಯಿ ತೀರ್ತು," ಎಂದರು ಅಮ್ಮಿ. ಗೌರವ್ವ ಬೆರಳು ಮಡಚಿ, "ಮದಲನೇ ಸಲದ್ದು ನಮ್ಮ ತಪ್ಪು, ಅದನ್ನ ಬಿಡ್ರಿ. ಎರಡನೇದಕ್ಕ ಸಮಾ ಆತು. ಇವತ್ತಿಂದು ನಿಮ್ಮ ಮ್ಯಾಲ ಹತ್ತಿತು. ಕೆರ್‍ಯಾಗ ಅಂತರಗಂಗಿ ಇನ್ನಾ ಐತಿ, ಬರ್ರಿ ಮತ್ತ!" ಎಂದಳು.

ಹಾಸಿದ ಚಾಪೆಯ ಮೇಲೆ ಎಲ್ಲರೂ ಕುಳಿತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಟೀಚರ್ ಮಾಡಿದ ಶಾವಿಗೆ ಪಾಯಸ, ಮೇಲೊಂದಿಷ್ಟು ಸವಣೂರಿನ ಕುರುಕಲು ಖಾರಾ ಉಂಡೆವು. ಎರಡನೆಯ ಸಲ ಪಾಯಸ ಬಡಿಸಲು ಹೋದ ಟೀಚರ್ ಸೌಟು ಹಿಡಿದು ಹಾಗೆಯೇ ನಿಂತರು. ನಮಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ತೆರೆದ ಕಿಟಕಿಯ ಕೆಳಗೆ, ಗೋಡೆಗೆ ಒರಗದೆ, ಚಾಪೆಯ ಮೇಲೆ ಕಾಲು ಚಾಚಿ ಮಲಗಿ, ಎಲ್ಲರಿಗಿಂತ ಮೊದಲು ಅಮ್ಮಿ ನಿದ್ದೆ ಹೋಗಿದ್ದರು.