ಶಾಮಲಮ್ಮನ ಜೆಡ್ ಡ್ರೈವ್

ಸುಗಟೂರಿನ ಶಾಮಲಮ್ಮ ಕಂಪ್ಯೂಟರ್ ಕಲಿತದ್ದು ಪೊರಕೆ ಹಿಡಿದುಕೊಂಡು. ಕೋಲಾರದ ಬೀಜದ ಕಂಪನಿಯೊಂದರಲ್ಲಿ ಹದಿನೆಂಟು ವರ್ಷದಿಂದ ಗುಡಿಸಿ, ಒರೆಸಿ, ಕಾಫಿ ಕಾಯಿಸುವ ಕೆಲಸ. ಮನೆಯಲ್ಲಿ ರೇಷ್ಮೆ ಹುಳು, ಎರಡು ಹಸು, ಗಂಡ ಆಂಜಿನಪ್ಪ. ಇವರಲ್ಲಿ ಹೇಳಿದ ಮಾತು ಕೇಳುವುದು ಹಸುಗಳು ಮಾತ್ರ ಎಂದು ಅವಳೇ ಹೇಳಿಕೊಂಡು ನಗುತ್ತಾಳೆ.

ಆ ಆಫೀಸಿನಲ್ಲಿ ಏಳು ಕಂಪ್ಯೂಟರು. ಯಾವ ಬೀಜ ಯಾವ ರೈತನಿಗೆ ಹೋಯಿತು ಎಂಬ ಪಟ್ಟಿಯೆಲ್ಲ ಇರುವುದು ಹಿಂದಿನ ಕೋಣೆಯ ದೊಡ್ಡ ಯಂತ್ರದಲ್ಲಿ. ಗುಮಾಸ್ತರು ಅದನ್ನು ತಮ್ಮ ಪರದೆಯ ಮೇಲೆ 'ಜೆಡ್' ಎಂಬ ಡ್ರೈವಿನಿಂದ ತೆರೆಯಬೇಕು. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಸಾಕು, ಜೆಡ್ ಮೇಲೆ ಒಂದು ಕೆಂಪು ಗುರುತು ಬಂದು ಕೂರುತ್ತಿತ್ತು. ಎರಡು ಸಲ ಒತ್ತಿದರೆ ಗುರುತು ಮಾಯ, ಡ್ರೈವ್ ಹಾಜರು. ಯಾರೋ ಹಾಗೆ ಮಾಡುವುದನ್ನು ಬಗ್ಗಿ ನೋಡಿದ್ದ ಶಾಮಲಮ್ಮ ಎಂಟಕ್ಕೇ ಬಂದು ಏಳನ್ನೂ ಹಾಕಿ, ಕಸ ಗುಡಿಸಿ, ಆಮೇಲೆ ಒಂದೊಂದರ ಮುಂದೂ ನಿಂತು ಪಟಪಟ ಒತ್ತಿಡುತ್ತಿದ್ದಳು. ಹತ್ತಕ್ಕೆ ಬರುವ ಗುಮಾಸ್ತರು ಜೆಡ್ ತಾನಾಗಿ ಬರುತ್ತದೆಂದೇ ತಿಳಿದಿದ್ದರು.

ಮನೆಯ ಹುಳು ಗೂಡು ಕಟ್ಟುವ ಹೊತ್ತಿಗೆ ಅವಳು ಮೂರು ದಿನ ರಜೆ ಹಾಕಿದಳು. ಜೆಡ್ ತಾನಾಗಿ ಬರುವುದಿಲ್ಲ ಎಂಬುದು ಬಯಲಾಯಿತು. ಮ್ಯಾನೇಜರ್ ಶಿವಕುಮಾರ್ ಮಾಲೂರಿನಿಂದ ಚಂದ್ರಮೋಹನ್ ಎಂಬ ಚಿಕ್ಕ ವಯಸ್ಸಿನ ಇಂಜಿನಿಯರನ್ನು ಕರೆಸಿದರು. ಕಂಪ್ಯೂಟರ್ ಆನ್ ಆದ ಕೂಡಲೇ ಜೆಡ್ ತಾನೇ ಜೋಡಣೆಯಾಗುವಂತೆ ಅವನು ನಾಲ್ಕು ಸಾಲು ಬರೆದು ಏಳಕ್ಕೂ ಹಾಕಿದ.

"ಇನ್ಮೇಲೆ ಬೆಳಿಗ್ಗೆ ಜೆಡ್ ಒತ್ತೋಕೆ ನೀವು ಬೇಕಾಗಿಲ್ಲ ಶಾಮಲಮ್ಮ, ಗುಡಿಸೋಕೆ ಯಾರಾದ್ರೂ ಸಿಗ್ತಾರೆ," ಎಂದರು ಶಿವಕುಮಾರ್. "ಸೋಮವಾರ ಇದು ನಡೆದ್ರೆ, ಮಂಗಳವಾರದಿಂದ ಮುಳಬಾಗಿಲು ಗೋಡೌನಿಗೆ ಹೋಗಿ. ಆರ್ಡರ್ ಟೈಪಾಗಿದೆ."

ಮುಳಬಾಗಿಲು ಎಂದರೆ ಎರಡು ಬಸ್ಸು. ಮನೆ ಸೇರುವಾಗ ಮುಂದಿನ ಬೆಳೆಯ ಹುಳಕ್ಕೆ ಸಂಜೆಯ ಸೊಪ್ಪು ಹಾಕುವ ಹೊತ್ತು ಮೀರಿರುತ್ತದೆ. ಆಂಜಿನಪ್ಪನ ಕೈಗೆ ಬಿಟ್ಟರೆ ಹುಳುವೂ ಇಲ್ಲ, ಗೂಡೂ ಇಲ್ಲ. ಭಾನುವಾರ ಶಾಮಲಮ್ಮ ಸರಿಯಾಗಿ ಉಣ್ಣಲಿಲ್ಲ.

ಸೋಮವಾರ ಏಳೂ ಪರದೆಯಲ್ಲಿ ಕೆಂಪೋ ಕೆಂಪು. ಕೈಯಿಂದ ಒತ್ತಿದರೆ ಜೆಡ್ ಬರುತ್ತದೆ, ತಾನಾಗಿ ಬಾ ಎಂದರೆ ಬರುವುದಿಲ್ಲ. ಚಂದ್ರಮೋಹನ್ ಒಂದೊಂದನ್ನೂ ಆಫ್ ಮಾಡಿ ಆನ್ ಮಾಡಿ ಬೆವೆತುಹೋದ. ಕೌಂಟರಿನ ಆಚೆ ನಿಂತಿದ್ದ ರೈತ ಮುನಿಕೃಷ್ಣಪ್ಪ, "ಏಮಿ ಸಾ, ನಮ್ ಟೊಮೊಟೊ ಹಣ್ಣಾಗೋವರ್ಗೂ ನಿಲ್ಲಿಸ್ತೀರಾ?" ಎಂದು ಕೂಗಿದ.

ಕಾಫಿ ತಟ್ಟೆ ಹಿಡಿದು ನಿಂತಿದ್ದ ಶಾಮಲಮ್ಮನಿಗೆ ನಗು ತಡೆಯಲಾಗಲಿಲ್ಲ.

"ಏನ್ರೀ ನಗ್ತೀರ?" ಎಂದು ಶಿವಕುಮಾರ್ ಸಿಡುಕಿದರು.

"ಯಾಕ್ ಬರಲ್ಲ ಅಂತ ನಂಗೊತ್ತು ಸಾ."

"ಹೇಳಿ ಮತ್ತೆ!"

"ಆ ಆರ್ಡರ್ ಹರೀರಿ. ಹೇಳ್ತೀನಿ."

"ಇದೇನು, ಬೆದರಿಕೇನಾ?"

"ಇಲ್ಲ ಸಾ, ಕಾಫಿ. ಆರೋಗ್ತದೆ, ಬೇಗ ಹರೀರಿ."

ಶಿವಕುಮಾರ್ ಚಂದ್ರಮೋಹನನತ್ತ ನೋಡಿದರು. ಅವನು ಮೇಜಿನ ಕೆಳಗೆ ತಲೆ ತೂರಿಸಿ ವೈರು ಹುಡುಕುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಹಿಂಭಾಗ ಮಾತ್ರ. ಅದರಲ್ಲಿ ಭರವಸೆ ಇಡುವಂಥದ್ದೇನೂ ಕಾಣದೆ ಶಿವಕುಮಾರ್ ಆರ್ಡರನ್ನು ಎರಡು ತುಂಡು ಮಾಡಿದರು.

"ಇನ್ನೊಂದ್ಸಲ," ಎಂದಳು ಶಾಮಲಮ್ಮ. ನಾಲ್ಕಾಯಿತು.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮಾಡುವ ನಿದ್ದೆಗೆ ಅವಳ ಕಡೆ ಜ್ವರ ಎನ್ನುತ್ತಾರೆ. "ಹುಳ ಜ್ವರದಿಂದ ಏಳೋ ಮೊದ್ಲೇ ಸೊಪ್ಪು ಹಾಕಿದ್ರೆ ತಿಂತದೇನಪ್ಪ?" ಎಂದು ಚಂದ್ರಮೋಹನನನ್ನು ಕೇಳಿದಳು. "ಎಲ್ಲಾ ತಲೆ ಎತ್ತೋವರ್ಗೂ ಕಾಯ್ಬೇಕು. ವೈರೆಲ್ಲಾ ಹೋಗಿ ಸೇರೋ ಆ ಗೋಡೆ ಡಬ್ಬಿ ನೋಡು. ಕಂಪ್ಯೂಟರ್ ಹಾಕಿ ಒಂದು ನಿಮಿಷ ಆದ್ಮೇಲೇ ಅದ್ರಲ್ಲಿ ಹಸಿರು ದೀಪ ಮಿಣಮಿಣ ಅನ್ನೋದು. ಅದಕ್ಕೆ ಮುಂಚೆ ಎಷ್ಟು ಒತ್ತಿದ್ರೂ ಬರಲ್ಲ. ನಾನು ಅಷ್ಟರಲ್ಲಿ ಕಸ ಗುಡಿಸ್ತೀನಿ. ನಿನ್ನ ನಾಲ್ಕು ಸಾಲು ಕಸ ಗುಡಿಸಲ್ವಲ್ಲ!"

ಚಂದ್ರಮೋಹನ್ ಮೇಜಿನ ಕೆಳಗಿಂದ ಎದ್ದು ಬಂದ. ಒಂದು ನಿಮಿಷ ಕಾದು ಆಮೇಲೆ ಜೋಡಿಸು ಎಂದು ಏಳಕ್ಕೂ ಐದನೇ ಸಾಲು ಸೇರಿಸಿ, ಆಫ್ ಮಾಡಿ ಆನ್ ಮಾಡಿದ. ಕೆಂಪು ಬಂದು ಕೂತಿತು. ಎಲ್ಲರೂ ಗೋಡೆಯತ್ತ ತಿರುಗಿದರು. ಡಬ್ಬಿಯ ದೀಪ ಮಿಣುಕಿತು, ಸ್ವಲ್ಪ ಹೊತ್ತಿಗೆ ಕೆಂಪು ಹೋಯಿತು.

"ಎದ್ದಿತು ನೋಡಿ ಹುಳ," ಎಂದು ಅವಳು ಕಾಫಿ ಹಂಚಿದಳು.

ಮಂಗಳವಾರ ಶಾಮಲಮ್ಮ ಎಂದಿನ ಕೋಲಾರದ ಬಸ್ಸಿಗೆ ಎಂಟಕ್ಕೇ ಬಂದಳು. ಏಳನ್ನೂ ಹಾಕಿ ಪೊರಕೆ ಮುಟ್ಟದೆ, ಮ್ಯಾನೇಜರ್ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕಾಫಿ ಊದತೊಡಗಿದಳು. ಕೆಂಪು ಒಂದೊಂದಾಗಿ ಅಳಿಸಿಹೋಗುತ್ತಿತ್ತು. ಕಿಟಕಿ ಪಕ್ಕದ ಕಂಪ್ಯೂಟರೊಂದು ಮಾತ್ರ ತಡ ಮಾಡಿತು.

"ಲೇ, ನಿಂಗೇನಾಯ್ತ್ಲಾ?" ಎಂದು ಗದರಿದಳು.

ಅದೂ ಬಂತು.