ಕಲ್ಮೇಶ ಕೂಡಿಸಿದ ಡಂಪ್ ವಾಲ್ವ್

ಬಸವನ ಬಾಗೇವಾಡಿಯ ಮೆಕ್ಯಾನಿಕ್ ಕಲ್ಮೇಶನಿಗೆ ತನ್ನ ಕೈಗುಣದ ಮೇಲಿದ್ದ ನಂಬಿಕೆ ದೇವರ ಮೇಲಿದ್ದುದಕ್ಕಿಂತ ಒಂದು ಗುಲಗಂಜಿಯಷ್ಟೇ ಕಡಿಮೆ. ಇಂಡಿ ಊರಿನ ವಕೀಲ ಸುಜಯ ತನ್ನ ಟರ್ಬೊ ಸ್ಪೋರ್ಟ್ಸ್ ಕಾರಿಗೆ ಡಂಪ್ ವಾಲ್ವ್ ಹಾಕಿಸಲು ಬಂದಾಗ ಕಲ್ಮೇಶ ಓಣಿಗೆಲ್ಲ ಕೇಳುವಂತೆ ಸಾರಿದ: "ಎಕ್ಸಲೇಟರ್ ಬಿಟ್ಟಕೂಡ್ಲೆ ಟರ್ಬೊದಾಗಿನ ಹೆಚ್ಚಿನ ಗಾಳಿ ಪುಸ್ಸಂತ ಹೊರಗ ಬರತೈತ್ರಿ. ಸಿಂದಗಿ ತನಕಾ ಕೇಳಬೇಕು, ಹಂಗ ಕೂಡಸ್ತೇನಿ!"

ಕೂಡಿಸಿದ. ಹೊಸ ಸಾಮಾನಿಗೆ ಪೂಜೆಯಾಗದೆ ಗಾಡಿ ಹೊರಡಬಾರದೆಂಬುದು ಅವನ ಗ್ಯಾರೇಜಿನ ರಿವಾಜು. ವಿಭೂತಿ ಹಚ್ಚಿ, ಕಾಯಿ ಒಡೆದು, ವಾಲ್ವಿಗೆ ದಾರ ಸುತ್ತಿ ಬಿಗಿದ. ಸುಜಯ ಕಾರು ಓಡಿಸಿ ಮರಳಿ ಬಂದ.

"ಕಲ್ಮೇಶಣ್ಣಾ, ಇದು ಉಸುರೇ ಬಿಡವಲ್ತಲ್ಲ!"

"ಸಿಂದಗಿಯವ್ರು ಕಿವಿಗೊಟ್ಟು ಕುಂತಾರೋ!" ಎಂದು ನೆರೆದವರು ನಕ್ಕರು.

ಸಾಮಾನು ಖೋಟಾ ಎಂದುಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು, ಎಲ್ಲರೂ ನಂಬುತ್ತಿದ್ದರು. ಕಲ್ಮೇಶ ಬಗ್ಗಿ ನೋಡಿದ. ಬಿಗಿದ ದಾರ, ವಾಲ್ವನ್ನು ತೆರೆಸುವ ಸಣ್ಣ ರಬ್ಬರ್ ಪೈಪಿನ ಕುತ್ತಿಗೆಯನ್ನೇ ಹಿಸುಕಿತ್ತು.

"ಸಾಮಾನ ಚಲೋ ಐತ್ರಿ. ನನ್ನ ಭಕ್ತಿ ಬಿಗಿ ಆಗೇತಿ. ತಪ್ಪು ನಂದು," ಎಂದು ಎಲ್ಲರೆದುರೇ ದಾರ ಕತ್ತರಿಸಿದ.

ಈ ಸಲ ಕಾರು ಪುಸ್ಸೆಂದಾಗ ನಕ್ಕವರೇ ಶಿಳ್ಳೆ ಹೊಡೆದರು.

"ಕೋರ್ಟಿನಾಗ ಇಷ್ಟು ಲಗೂ ಯಾರೂ ತಪ್ಪು ಒಪ್ಪಿದ್ದು ನಾ ನೋಡಿಲ್ಲ," ಎಂದ ಸುಜಯ.

ಕಲ್ಮೇಶ ಎದೆ ಸೆಟೆಸಿದ. "ಒಪ್ಕೊಳ್ಳೂದ್ರಾಗೂ ನನ್ನಂಥಾಂವ ಈ ತಾಲೂಕಿನಾಗ ಇಲ್ಲ ಬಿಡ್ರಿ!"